ಮೂಗರ್ಜಿ ಬರೆಯುವವರ ಪರವಾಗಿ: ರಾಜ್ಯ ಪೊಲೀಸ್ ಮಹಾನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಪೊಲೀಸ್ ಮಹಾನಿರ್ದೇಶಕರು ಹಾಗೂ ಮಹಾನಿರೀಕ್ಷಕರು,
ಕರ್ನಾಟಕ ರಾಜ್ಯ, ಬೆಂಗಳೂರು.

ಮಾನ್ಯರೇ,

ನಾನು ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯಾಗಿ ಕೆಲಸ ಮಾಡುತ್ತಿದ್ದೇನೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಡೇರಿಯ ಬಾಗಿಲು ತೆಗೆದು, ಹಾಲು ಅಳೆದು, ಫ್ಯಾಟ್ ನೋಡಿ, ಪುಸ್ತಕದಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ಊರಿನ ಬಹುಪಾಲು ಮನೆಗಳವರ ಮುಖವನ್ನು ದಿನಕ್ಕೆ ಎರಡು ಸಲ ನೋಡುವುದರಿಂದ ಯಾರ ಮನೆಯಲ್ಲಿ ರಾತ್ರಿ ಜಗಳವಾಯಿತು, ಯಾರ ಕೈಬಳೆ ಒಡೆಯಿತು, ಯಾರ ಮಗಳು ಈ ವಾರ ಶಾಲೆಗೆ ಹೋಗಲಿಲ್ಲ ಎಂಬುದು ನಾನು ಕೇಳದಿದ್ದರೂ ನನಗೆ ತಿಳಿಯುತ್ತದೆ. ನನಗೆ ತಿಳಿಯುವುದು ಊರಿಗೆಲ್ಲ ತಿಳಿದಿರುತ್ತದೆ. ತಿಳಿಯದೆ ಉಳಿಯುವುದು ನಿಮ್ಮ ಇಲಾಖೆಗೆ ಮಾತ್ರ. ಅದು ಏಕೆ ಹೀಗೆ ಎಂಬುದನ್ನು ಹೇಳುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ನಮ್ಮೂರಿನ ಉಪದ್ರವಗಳಲ್ಲಿ ಹೊಸದೇನೂ ಇಲ್ಲ. ಪೆಟ್ಟಿಗೆ ಅಂಗಡಿಯಲ್ಲಿ ಬೀಡಿ, ಬಿಸ್ಕತ್ತಿನ ಪಕ್ಕದಲ್ಲೇ 90 ಎಂ.ಎಲ್. ಮದ್ಯದ ಪ್ಯಾಕೆಟ್ ಸಿಗುತ್ತದೆ. ಬಸ್ ತಂಗುದಾಣದ ಕಲ್ಲುಬೆಂಚಿನ ಮೇಲೆ ಮಧ್ಯಾಹ್ನದಿಂದಲೇ ಕುಡಿದು ಕೂರುವ ಐದಾರು ಜನರಿದ್ದಾರೆ. ಪ್ರೌಢಶಾಲೆಯಿಂದ ಬರುವ ಹೆಣ್ಣುಮಕ್ಕಳು ಅವರ ಮಾತಿಗೆ ಹೆದರಿ ಒಂದು ನಿಲ್ದಾಣ ಹಿಂದೆಯೇ ಇಳಿದು, ಹೊಲದ ದಾರಿಯಲ್ಲಿ ನಡೆದು ಮನೆ ಸೇರುತ್ತಾರೆ. ಕೆರೆ ಏರಿಯ ಹಿಂದಿನ ಜಾಲಿ ಮರಗಳ ನಡುವೆ ಅಂದರ್ ಬಾಹರ್ ನಡೆಯುತ್ತದೆ. ಕೊಳವೆಬಾವಿಯ ಕೇಬಲ್ಲನ್ನು ರಾತ್ರಿ ಕತ್ತರಿಸಿಕೊಂಡು ಹೋಗಿ, ಸುಟ್ಟು, ತಾಮ್ರವನ್ನು ಗುಜರಿಗೆ ಹಾಕುತ್ತಾರೆ. ಕಳೆದುಕೊಂಡ ರೈತ ಠಾಣೆಗೆ ಹೋಗಿಬರುವ ಖರ್ಚನ್ನೂ ಕೆಲಸ ಕೆಟ್ಟ ದಿನವನ್ನೂ ಲೆಕ್ಕಹಾಕಿ, ಸಾಲ ಮಾಡಿ ಹೊಸ ಕೇಬಲ್ ತರುತ್ತಾನೆ. ಪತ್ರಿಕೆಗೆ ಸುದ್ದಿಯಾಗುವಷ್ಟು ದೊಡ್ಡದು ಇವುಗಳಲ್ಲಿ ಒಂದೂ ಇಲ್ಲದಿರಬಹುದು. ಆದರೆ ಇವೆಲ್ಲವನ್ನೂ ಒಂದೇ ಊರು ಪ್ರತಿದಿನ ಹೊತ್ತುಕೊಂಡಿದೆ.

ಮದ್ಯದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಉಳಿದ ಉಪದ್ರವಗಳಲ್ಲಿ ಅರ್ಧದಷ್ಟು ಅದರ ಬಾಲ ಹಿಡಿದೇ ಬರುತ್ತವೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಾಗ ನಮ್ಮ ಹಳ್ಳಿಯ ಹೆಂಗಸರು ನಿಟ್ಟುಸಿರು ಬಿಟ್ಟಿದ್ದರು. ಸಾರಾಯಿ ಅಂಗಡಿಗೆ ಒಂದು ಪರವಾನಗಿ ಇತ್ತು, ಊರಾಚೆ ಒಂದು ಜಾಗವಿತ್ತು, ಬಾಗಿಲು ಹಾಕುವ ಒಂದು ಹೊತ್ತಿತ್ತು. ಪೆಟ್ಟಿಗೆ ಅಂಗಡಿಗೆ ಬಂದ ಪ್ಯಾಕೆಟ್ಟಿಗೆ ಇವು ಮೂರೂ ಇಲ್ಲ. ಪಟ್ಟಣದ ಪರವಾನಗಿ ಇರುವ ಅಂಗಡಿಯಿಂದ ಬೈಕಿನ ಚೀಲದಲ್ಲಿ ಬರುವ ಮಾಲು ಬೆಳಗಿನ ಹಾಲಿಗಿಂತ ಮೊದಲೇ ಕೈಗೆ ಸಿಗುತ್ತದೆ. ನಮ್ಮ ಸಂಘದಲ್ಲಿ ಹದಿನೈದು ದಿನಕ್ಕೊಮ್ಮೆ ಬಟವಾಡೆ. ಆ ಸಂಜೆ ಹಾಲಿನ ದುಡ್ಡು ಹೆಂಗಸಿನ ಕೈಯಿಂದ ಗಂಡಸಿನ ಕೈಗೆ, ಅಲ್ಲಿಂದ ಆ ಅಂಗಡಿಗೆ ಹೋಗುವುದನ್ನು ನಾನು ಕುಳಿತಲ್ಲಿಂದಲೇ ನೋಡುತ್ತೇನೆ, ಏಕೆಂದರೆ ಅಂಗಡಿ ಇರುವುದು ಡೇರಿಯ ಎದುರಿನ ಸಾಲಿನಲ್ಲೇ.

2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಬಂದದ್ದು ತಮಗೆ ನೆನಪಿರಬಹುದು. ಅವರ ಬೇಡಿಕೆ ಸರ್ಕಾರದ ನೀತಿಗೆ ಸಂಬಂಧಿಸಿದ್ದು, ಅದರ ತೀರ್ಮಾನ ವಿಧಾನಸೌಧದಲ್ಲಿ ಆಗಬೇಕು. ನಾನು ಕೇಳುತ್ತಿರುವುದು ಅಷ್ಟು ದೊಡ್ಡದಲ್ಲ. ಈಗಾಗಲೇ ಕಾನೂನುಬಾಹಿರವಾಗಿರುವ ಒಂದು ಕೆಲಸದ ಬಗ್ಗೆ ಪೊಲೀಸರಿಗೆ ಹೇಳಿದವರ ಹೆಸರು ಊರಿಗೆ ತಿಳಿಯಬಾರದು ಎಂಬುದಷ್ಟೇ ನನ್ನ ಬೇಡಿಕೆ. ಇದು ಪೂರ್ತಿಯಾಗಿ ತಮ್ಮ ಕೈಯಲ್ಲಿರುವ ವಿಷಯ.

ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ಊರು, ತಾಲ್ಲೂಕು, ಠಾಣೆಗಳ ಹೆಸರನ್ನು ಬಿಟ್ಟಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಸುಗ್ಗಿ ಮುಗಿದ ಮೇಲಿನ ಒಂದು ರಾತ್ರಿ ಆ ಅಂಗಡಿಯ ಮುಂದೆ ಹೊಡೆದಾಟವಾಯಿತು. ಎದುರು ಮನೆಯ ಹೆಣ್ಣುಮಗಳೊಬ್ಬಳು, ಗಂಡ ತೀರಿಕೊಂಡು ಎರಡು ಹಸುಗಳ ಮೇಲೆ ಸಂಸಾರ ನಡೆಸುವವಳು, ಬಾಗಿಲ ಚಿಲಕ ಹಾಕಿಕೊಂಡು ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿದಳು. ವಾಹನ ಬಂತು, ಮುಕ್ಕಾಲು ಗಂಟೆಯೊಳಗೆ ಬಂತು ಎಂಬುದನ್ನು ಕೃತಜ್ಞತೆಯಿಂದಲೇ ಬರೆಯುತ್ತೇನೆ. ಬಂದ ಸಿಬ್ಬಂದಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಕರೆ ಬಂದಿದ್ದ ನಂಬರಿಗೆ ಫೋನ್ ಹಚ್ಚಿ, ಅಲ್ಲಿ ನೆರೆದಿದ್ದವರೆಲ್ಲರೂ ಕೇಳುವಂತೆ “ಕಂಪ್ಲೇಂಟ್ ಮಾಡಿದ್ದು ನೀವೇ ಏನಮ್ಮ? ಯಾವ ಮನೆ? ಸ್ವಲ್ಪ ಹೊರಗೆ ಬನ್ನಿ” ಎಂದರು. ಆಕೆ ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ, ಏಕೆಂದರೆ ಅವಳ ಫೋನಿನ ಸದ್ದು ಎದುರು ಮನೆಯಿಂದ ಬೀದಿಗೆ ಕೇಳಿಸಿತ್ತು.

ಅಂಗಡಿಯವನನ್ನು ಕರೆದುಕೊಂಡು ಹೋದರು, ಮರುದಿನ ಸಂಜೆ ಆತ ಹಿಂದಿರುಗಿದ. ಎಂಟು ದಿನದ ಮೇಲೆ ಆಕೆಯ ರಾಗಿ ಹುಲ್ಲಿನ ಬಣವೆ ಸುಟ್ಟು ಬೂದಿಯಾಯಿತು. ಠಾಣೆಯಲ್ಲಿ ಯಾರೋ ಸೇದಿ ಎಸೆದ ಬೀಡಿಯ ಕಿಡಿ ಇರಬಹುದೆಂದರು. ಅರ್ಜಿ ತೆಗೆದುಕೊಂಡು, ಆಕಸ್ಮಿಕ ಬೆಂಕಿ ಎಂಬ ಹಿಂಬರಹ ಕೊಟ್ಟರು. ಬೀಡಿಯ ಕಿಡಿಯೂ ಇರಬಹುದು, ನಾನು ಕಂಡವಳಲ್ಲ. ಆದರೆ ದಿನಕ್ಕೆ ಹದಿನಾಲ್ಕು ಲೀಟರ್ ಹಾಲು ಹಾಕುತ್ತಿದ್ದ ಆ ಮನೆ ಬೇಸಿಗೆಯ ಹೊತ್ತಿಗೆ ಆರು ಲೀಟರಿಗೆ ಇಳಿದದ್ದು, ಆಮೇಲೆ ಒಂದು ಹಸುವನ್ನೇ ಮಾರಿದ್ದು ನನ್ನ ಪುಸ್ತಕದಲ್ಲಿ ದಿನಾಂಕದ ಸಮೇತ ಬಿದ್ದಿದೆ. ಅಂದಿನಿಂದ ಇಂದಿನವರೆಗೆ ನಮ್ಮೂರಿನಿಂದ 112ಕ್ಕೆ ಅಂತಹ ಕರೆ ಹೋದದ್ದನ್ನು ನಾನು ಕೇಳಿಲ್ಲ. ಇಲಾಖೆಯ ದಾಖಲೆ ತೆಗೆದು ನೋಡಿದರೆ ನಮ್ಮ ಊರು ಈಗ ಬಹಳ ಶಾಂತವಾಗಿರುವ ಊರೆಂದು ಕಾಣಬಹುದು.

ನಗರದ ಬಡಾವಣೆಯಲ್ಲಿ ಪಕ್ಕದ ಕಟ್ಟಡದವರ ಗಲಾಟೆಯ ಬಗ್ಗೆ ದೂರು ಕೊಟ್ಟವರು ತಮ್ಮ ಕಟ್ಟಡದ ನೂರಾರು ಕಿಟಕಿಗಳಲ್ಲಿ ಒಂದರ ಹಿಂದೆ ಇರುತ್ತಾರೆ. ಹಳ್ಳಿಯಲ್ಲಿ ಹಾಗಿಲ್ಲ. ಇಲ್ಲಿ ದೂರು ಕೊಟ್ಟವರೂ ದೂರಿಗೆ ಗುರಿಯಾದವರೂ ಒಂದೇ ನಲ್ಲಿಯ ನೀರು ಹಿಡಿಯಬೇಕು, ಒಂದೇ ಬದುವಿನ ಮೇಲೆ ನಡೆಯಬೇಕು, ಒಂದೇ ತೇರಿನ ಹಗ್ಗ ಹಿಡಿಯಬೇಕು. ಆದ್ದರಿಂದ ಪೊಲೀಸ್ ಜೀಪು ಬಂದು ಹೋದ ಮೇಲೆ ಊರಿನಲ್ಲಿ ಅವನು ಏನು ಮಾಡಿದ್ದ ಎಂದು ಯಾರೂ ಕೇಳುವುದಿಲ್ಲ. ಎಲ್ಲರ ಬಾಯಲ್ಲೂ ಇರುವ ಪ್ರಶ್ನೆ “ಹೇಳಿದವರು ಯಾರು?” ಎಂಬುದು. ಅದಕ್ಕೆ ಉತ್ತರ ಸಿಕ್ಕಿತೆಂದರೆ ಮೂಲ ಅಪರಾಧ ಮರೆತೇ ಹೋಗುತ್ತದೆ. ಹೇಳಿದವರೇ ಊರಿನ ಮಾನ ಕಳೆದವರಾಗುತ್ತಾರೆ.

ಇದಕ್ಕೆ ಹೆದರಿದವರು ಮೂಗರ್ಜಿ ಬರೆಯುತ್ತಾರೆ. ಮೂಗರ್ಜಿಗೆ ಬೆಲೆ ಕೊಡುವಂತಿಲ್ಲ, ಧೈರ್ಯವಿದ್ದರೆ ಸಹಿ ಹಾಕಿ ಬರೆಯಲಿ ಎಂದು ಅಧಿಕಾರಿಗಳು ಹೇಳುವುದನ್ನು ನಾನು ಸಭೆಗಳಲ್ಲಿ ಕೇಳಿದ್ದೇನೆ. ಈ ಮಾತಿನಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆ. ಬದುವಿನ ಜಗಳ, ಪಂಚಾಯಿತಿ ಚುನಾವಣೆಯ ದ್ವೇಷ, ಮುರಿದ ಸಂಬಂಧದ ಸಿಟ್ಟು ಇವೆಲ್ಲ ಮೂಗರ್ಜಿಯಾಗಿ ಠಾಣೆಗೆ ಬರುತ್ತವೆ. ಸುಳ್ಳು ಮಾಹಿತಿ ಕೊಟ್ಟು ಇನ್ನೊಬ್ಬರಿಗೆ ತೊಂದರೆ ಕೊಡುವವರಿಗೆ ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಮಿನಲ್ಲಿ ಶಿಕ್ಷೆ ಇರುವುದೂ ಸರಿಯೇ. ಆದರೆ ಒಬ್ಬ ವ್ಯಕ್ತಿಯ ನಡತೆಯ ಮೇಲೆ ಕೆಸರೆರಚುವ ಪತ್ರವೂ, ಇಂತಹ ಅಂಗಡಿಯಲ್ಲಿ ಇಂತಹ ಹೊತ್ತಿನಲ್ಲಿ ಮದ್ಯ ಮಾರುತ್ತಾರೆ ಎಂದು ತಿಳಿಸುವ ಪತ್ರವೂ ಒಂದೇ ಅಲ್ಲ. ಎರಡನೆಯದು ನಿಜವೋ ಸುಳ್ಳೋ ಎಂಬುದನ್ನು ತಿಳಿಯಲು ಬರೆದವರ ಸಹಿ ಬೇಕಾಗಿಲ್ಲ. ಮಫ್ತಿಯಲ್ಲಿ ಒಬ್ಬರು ಬಂದು ಹತ್ತು ನಿಮಿಷ ನಿಂತರೆ ಸಾಕು.

ಕಾನೂನು ಕೂಡ ಇದನ್ನೇ ಹೇಳುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಮನೆ ಕಳುವಾದವರು, ಹೊಡೆತ ತಿಂದವರು ದೂರು ಕೊಡುವಾಗ ಹೆಸರು, ಸಹಿ ಬೇಕು, ಅದು ಸಹಜ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಮಿಂಚಂಚೆಯ ಮೂಲಕ ದೂರು ಕಳಿಸಿದರೂ ಮೂರು ದಿನದೊಳಗೆ ಸಹಿ ಹಾಕಬೇಕು. ಆದರೆ ಅಕ್ರಮ ಮದ್ಯ, ಜೂಜುಗಳ ದಾಳಿಯ ಕಾಗದಗಳನ್ನು ಒಮ್ಮೆ ತೆಗೆದು ನೋಡಿ. “ಠಾಣೆಯಲ್ಲಿ ಕರ್ತವ್ಯದಲ್ಲಿದ್ದಾಗ ಬಾತ್ಮೀದಾರರಿಂದ ಖಚಿತ ಮಾಹಿತಿ ಬಂದ ಮೇರೆಗೆ” ಎಂಬ ವಾಕ್ಯದಿಂದಲೇ ಅವು ಆರಂಭವಾಗುವುದು ರೂಢಿ. ದೂರುದಾರರು ಠಾಣಾಧಿಕಾರಿಗಳೇ ಆಗಿರುತ್ತಾರೆ. ಹಳ್ಳಿಯ ಹೆಂಗಸು ಆ ಕಾಗದದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳಬೇಕಾಗಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 131ನೇ ಕಲಂ ಇನ್ನೂ ಮುಂದೆ ಹೋಗಿ, ಅಪರಾಧದ ಮಾಹಿತಿ ಎಲ್ಲಿಂದ ಬಂತೆಂದು ಹೇಳುವಂತೆ ಯಾವ ಪೊಲೀಸ್ ಅಧಿಕಾರಿಯನ್ನೂ ಒತ್ತಾಯಿಸುವಂತಿಲ್ಲ ಎನ್ನುತ್ತದೆ. 1872ರ ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದೇ ಮಾತು 125ನೇ ಕಲಮಿನಲ್ಲಿತ್ತು. ಮಾಹಿತಿ ಹಕ್ಕು ಅಧಿನಿಯಮದ 8(1)(ಜಿ) ಕಲಂ, ಕಾನೂನು ಜಾರಿಗಾಗಿ ಗೋಪ್ಯವಾಗಿ ನೆರವಾದವರ ಗುರುತು ಹೊರಬೀಳುವಂತಹ ಮಾಹಿತಿಗೆ ವಿನಾಯಿತಿ ಕೊಡುತ್ತದೆ. ಹೀಗೆ ನ್ಯಾಯಾಲಯ ಕೇಳಿದರೂ ಹೇಳಬೇಕಾಗಿಲ್ಲದ ಒಂದು ಹೆಸರು, ನಮ್ಮೂರಿನ ಪೆಟ್ಟಿಗೆ ಅಂಗಡಿಯ ಮುಂದೆ ಯಾರೂ ಕೇಳದೆಯೇ ಹೊರಬೀಳುತ್ತದೆ.

ದಾಳಿಗೆ ಸಾಕ್ಷಿಗಳಾಗುವ ಪಂಚರ ವಿಷಯವೂ ಇದಕ್ಕೇ ಅಂಟಿಕೊಂಡಿದೆ. ದಾಳಿಯ ದಿನ ರಸ್ತೆಯಲ್ಲಿ ಸಿಕ್ಕ ಇಬ್ಬರನ್ನು ಕರೆದು ಪಂಚನಾಮೆಗೆ ಸಹಿ ಹಾಕಿಸುತ್ತಾರೆ. ಅವರು ಅದೇ ಊರಿನವರು, ಒಬ್ಬೊಬ್ಬರು ಆರೋಪಿಯ ಸಾಲಗಾರರೂ ಆಗಿರುತ್ತಾರೆ. ವಿಚಾರಣೆಯ ದಿನ ನ್ಯಾಯಾಲಯದಲ್ಲಿ ನಿಂತು, ನನ್ನಿಂದ ಖಾಲಿ ಹಾಳೆಗೆ ಸಹಿ ಮಾಡಿಸಿಕೊಂಡಿದ್ದರು ಸ್ವಾಮಿ ಎನ್ನುತ್ತಾರೆ. ಪ್ರಕರಣ ಅಲ್ಲಿಗೆ ಮುಗಿಯುತ್ತದೆ. ಆ ಸ್ಥಳದವರು ಸಿಗದಿದ್ದರೆ ಅಥವಾ ಒಪ್ಪದಿದ್ದರೆ ಬೇರೆ ಸ್ಥಳದ ಗೌರವಸ್ಥರನ್ನು ಕರೆಯಲು ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಅವಕಾಶವಿದೆ. ಈಗ ಅದೇ ಸಂಹಿತೆಯ 105ನೇ ಕಲಮಿನಂತೆ ಶೋಧ, ಜಪ್ತಿಗಳನ್ನು ಮೊಬೈಲಿನಲ್ಲಾದರೂ ಚಿತ್ರೀಕರಿಸಲೇಬೇಕು. ಹೀಗಿರುವಾಗ ಒಪ್ಪದವರನ್ನು ಬಲವಂತದಿಂದ ಪಂಚರನ್ನಾಗಿ ಮಾಡಿ, ಆಮೇಲೆ ಹಳ್ಳಿಯವರು ಸಾಕ್ಷಿ ಹೇಳುವುದಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ.

ಸಹಿ ಹಾಕಿ ದೂರು ಕೊಟ್ಟವರ ಪಾಡನ್ನೂ ಹೇಳದೆ ಬಿಡಬಾರದು. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಕಾಗದದ ಮೇಲೆ ದಾರಿ ಇಷ್ಟು ನೇರವಾಗಿದೆ. ಹಳ್ಳಿಯವರ ಅನುಭವದಲ್ಲಿ ನಡೆಯುವುದೇ ಬೇರೆ: ದೂರು ಕೊಟ್ಟ ಮರುದಿನ ಎದುರು ಕಡೆಯವರಿಂದಲೂ ಒಂದು ದೂರು ಬರುತ್ತದೆ. ಊರಿನ ಮುಖಂಡರೊಬ್ಬರ ಫೋನ್ ಬರುತ್ತದೆ. ಕೊನೆಗೆ ಶಾಂತಿ ಕಾಪಾಡುವ ಹೆಸರಿನಲ್ಲಿ ಎರಡೂ ಕಡೆಯವರ ಮೇಲೆ, ಊರಿನವರು ಹಳೆಯ ಕಾಯ್ದೆಯ ಕಲಮಿನ ಸಂಖ್ಯೆ ಹಿಡಿದು ಈಗಲೂ ‘107 ಕೇಸು’ ಎಂದೇ ಕರೆಯುವ ಮುಚ್ಚಳಿಕೆಯ ಪ್ರಕರಣವಾಗಿ, ಮಗಳನ್ನು ರೇಗಿಸಿದರೆಂದು ಹೇಳಲು ಹೋದ ತಂದೆಯೂ ರೇಗಿಸಿದವನೂ ಒಂದೇ ದಿನ ತಹಶೀಲ್ದಾರರ ಕಚೇರಿಯ ಮೆಟ್ಟಿಲ ಮೇಲೆ ಕೂರುತ್ತಾರೆ. ಇದನ್ನು ಕಂಡ ಮೇಲೆ ಇನ್ನೊಬ್ಬ ತಂದೆ ಠಾಣೆಗೆ ಹೋಗುವುದಿಲ್ಲ. ಮಗಳ ಓದು ಬಿಡಿಸುತ್ತಾನೆ.

ಇಷ್ಟು ಬರೆದ ಮೇಲೆ ನಮ್ಮ ಕಡೆಯ ತಪ್ಪನ್ನೂ ಬರೆಯದಿದ್ದರೆ ಪತ್ರ ಪ್ರಾಮಾಣಿಕವಾಗುವುದಿಲ್ಲ. ಊರ ಉಸಾಬರಿ ನಮಗ್ಯಾಕೆ ಎಂಬುದು ನಮ್ಮಲ್ಲಿ ಜಾಣತನವೆನಿಸಿಕೊಂಡಿದೆ. ಸಿಕ್ಕಿಬಿದ್ದವನು ನಮ್ಮ ಜಾತಿಯವನಾದರೆ ಬಿಡಿಸಲು ಠಾಣೆಗೆ ಹೋಗುವವರೂ ನಾವೇ. ಎರಡು ವರ್ಷದ ಹಿಂದೆ ನಮ್ಮ ಹಿರಿಯರು ಅರಳಿಕಟ್ಟೆಯಲ್ಲಿ ನ್ಯಾಯ ಸೇರಿಸಿ, ಮದ್ಯ ಮಾರಿದವರು ದೇವಸ್ಥಾನಕ್ಕೆ ಐದು ಸಾವಿರ ರೂಪಾಯಿ ದಂಡ ಕಟ್ಟಬೇಕೆಂದು ಕಟ್ಟಳೆ ಮಾಡಿದರು. ಅಂಗಡಿಯವನು ಮರುಮಾತಾಡದೆ ಕಟ್ಟಿದ, ಮರುದಿನದಿಂದ ಮೊದಲಿನಂತೆಯೇ ಮಾರಿದ. ಜೀರ್ಣೋದ್ಧಾರದ ದಾನಿಗಳ ಫಲಕದಲ್ಲಿ ಈಗ ಆತನ ಹೆಸರೂ ಕೆತ್ತಲ್ಪಟ್ಟಿದೆ. ಆ ಫಲಕದ ಮುಂದೆಯೇ ಪ್ರತಿ ಸೋಮವಾರ ನಾನೂ ಕೈಮುಗಿದು ಬರುತ್ತೇನೆ, ಏನನ್ನೂ ಹೇಳದೆ.

ಹಿಂದೆ ಹಳ್ಳಿಯಲ್ಲಿ ಪಟೇಲ, ಶಾನುಭೋಗ, ತಳವಾರರು ಇದ್ದರು; ಊರಿನ ಕಾವಲು ತಳವಾರನದಾಗಿತ್ತು. ವಂಶಪಾರಂಪರ್ಯವಾದ ಆ ವ್ಯವಸ್ಥೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಹೋದದ್ದು ಒಳ್ಳೆಯದೇ ಆಯಿತು, ಅದರಲ್ಲಿ ಜಾತಿಯ ದಬ್ಬಾಳಿಕೆ ಕಡಿಮೆಯೇನೂ ಇರಲಿಲ್ಲ. 1964ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯ್ದೆ ಬಂತು. ನಮ್ಮ ಕಡೆ ಆ ದಳವನ್ನು ಕಂಡವರು ಈಗ ಅಜ್ಜಂದಿರು. ಇಂದು ನಮಗೂ ಠಾಣೆಗೂ ಇರುವ ಕೊಂಡಿ ಬೀಟ್ ಪೊಲೀಸರೊಬ್ಬರೇ. ಅವರಿಗೂ ಬಂದೋಬಸ್ತ್, ಸಮನ್ಸ್, ನ್ಯಾಯಾಲಯದ ಕೆಲಸ, ಜಾತ್ರೆ, ಗಣ್ಯರ ಭೇಟಿ ಎಂದು ತಿಂಗಳು ಕಳೆದುಹೋಗುತ್ತದೆ. ಅವರು ಊರಿಗೆ ಬಂದಾಗ ಬೈಕ್ ನಿಲ್ಲಿಸುವುದು, ಚಹಾ ಕುಡಿಯುವುದು ಅದೇ ಪೆಟ್ಟಿಗೆ ಅಂಗಡಿಯ ಮುಂದೆ. ಅದರಲ್ಲಿ ದುರುದ್ದೇಶವಿದೆಯೆಂದು ನಾನು ಹೇಳುವುದಿಲ್ಲ. ಊರಿನಲ್ಲಿ ಚಹಾ ಸಿಗುವುದು ಅದೊಂದೇ ಕಡೆ. ಆದರೆ ಅದನ್ನು ನೋಡುವ ಕಣ್ಣುಗಳು ಬೇರೆಯೇ ಅರ್ಥ ಮಾಡಿಕೊಳ್ಳುತ್ತವೆ.

2025ರ ಜುಲೈನಲ್ಲಿ ಇಲಾಖೆ ಆರಂಭಿಸಿದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮದ ಬಗ್ಗೆ ನನಗೆ ಬಹಳ ಆಸೆಯಿದೆ. ಅದರ ಕಾರಣ ಬಹುಶಃ ಕಾರ್ಯಕ್ರಮ ರೂಪಿಸಿದವರ ಮನಸ್ಸಿನಲ್ಲಿದ್ದದ್ದಕ್ಕಿಂತ ಬೇರೆ. ಪೊಲೀಸರು ಒಂದೇ ಮನೆಯ ಬಾಗಿಲಿಗೆ ಬಂದರೆ ಅದು ಊರಿಗೆ ಸುದ್ದಿ. ಎಲ್ಲ ಮನೆಗಳಿಗೂ ಬಂದು, ಪ್ರತಿ ಮನೆಯಲ್ಲಿ ಐದೈದು ನಿಮಿಷ ಒಳಗೆ ಕುಳಿತು ಮಾತನಾಡಿಸಿ ಹೋದರೆ ಯಾರು ಏನು ಹೇಳಿದರೆಂದು ಅಂಗಡಿಯವನಿಗೆ ತಿಳಿಯುವುದು ಹೇಗೆ? ಅನುಮಾನ ಪಡಬೇಕೆಂದರೆ ಇಡೀ ಊರಿನ ಮೇಲೆ ಪಡಬೇಕು, ಇಡೀ ಊರಿನ ಬಣವೆಗಳನ್ನು ಸುಡಲಾಗುವುದಿಲ್ಲ. ಆ ಭೇಟಿ ಫೋಟೋ ತೆಗೆದುಕೊಂಡು, ಅಂಗಳದಲ್ಲೇ ನಿಂತು, ಗಂಡಸರ ಫೋನ್ ನಂಬರ್ ಬರೆದುಕೊಂಡು ಹೋಗುವುದಕ್ಕೆ ಮುಗಿಯಬಾರದು. ಮಹಿಳಾ ಸಿಬ್ಬಂದಿಯೊಬ್ಬರು ಜೊತೆಗಿದ್ದು, ಅಡುಗೆಮನೆಯವರೆಗೆ ಹೋಗಿ ಹೆಂಗಸರೊಡನೆ ಪ್ರತ್ಯೇಕವಾಗಿ ಮಾತನಾಡಬೇಕು. ವರ್ಷಕ್ಕೊಮ್ಮೆ ಸಾಲದು, ಮೂರು ತಿಂಗಳಿಗೊಮ್ಮೆಯಾದರೂ ಆಗಬೇಕು.

112ರ ಸಿಬ್ಬಂದಿಗೆ ತಾವು ಕೊಡಬೇಕಾದ ಆದೇಶ ಇದಕ್ಕಿಂತಲೂ ಸುಲಭದ್ದು. ಕರೆ ಮಾಡಿದವರನ್ನು ಅವರೇ ಬಯಸದ ಹೊರತು ಸ್ಥಳದಲ್ಲಿ ಹುಡುಕಬಾರದು. ಪೊಲೀಸರು ಮನೆಗೆ ಬರಬೇಕೇ ಬೇಡವೇ ಎಂಬುದನ್ನು ಕರೆ ಸ್ವೀಕರಿಸುವವರು ಮೊದಲೇ ಕೇಳಿ ಬರೆದುಕೊಳ್ಳಬೇಕು. ದಾರಿ ಕೇಳಲು ಫೋನ್ ಮಾಡುವುದಿದ್ದರೆ ಊರಿನ ಹೊರಗೇ ಮಾಡಬೇಕು. ಗಸ್ತಿನಲ್ಲಿ ತಾವಾಗಿಯೇ ಬಂದವರಂತೆ ಬಂದು ಗಲಾಟೆ ಬಿಡಿಸಿದರೆ ಕೆಲಸವೂ ಆಗುತ್ತದೆ, ಹೆಣ್ಣುಮಗಳ ಬಣವೆಯೂ ಉಳಿಯುತ್ತದೆ. ಹೆಸರು ಹೊರಹಾಕಿದ ಸಿಬ್ಬಂದಿಯ ಮೇಲೆ, ಬಾಯ್ತಪ್ಪಿ ಬಂತು ಎಂಬ ಸಮಜಾಯಿಷಿಯನ್ನು ಒಪ್ಪದೆ, ಕರ್ತವ್ಯಲೋಪವೆಂದು ಶಿಸ್ತುಕ್ರಮವಾಗಬೇಕು. ಇನ್ನು ಮದ್ಯದ ವಿಷಯ ಬಂದಾಗ ಅದು ಅಬಕಾರಿಯವರದು, ಅಲ್ಲಿಗೆ ಹೋಗಿ ಎಂದು ಠಾಣೆಯವರೂ, ಸಿಬ್ಬಂದಿ ಇಲ್ಲ, ಠಾಣೆಗೆ ಹೇಳಿ ಎಂದು ಅಬಕಾರಿಯವರೂ ಹೇಳುವ ಚೆಂಡಾಟ ನಿಲ್ಲಬೇಕು. ಕರ್ನಾಟಕ ಅಬಕಾರಿ ಕಾಯ್ದೆ 1965ರ ಅಡಿಯಲ್ಲಿ ಪೊಲೀಸರೇ ದಾಖಲಿಸುವ ಪ್ರಕರಣಗಳು ನಿತ್ಯ ಪತ್ರಿಕೆಗಳಲ್ಲಿ ಬರುತ್ತಿರುವಾಗ ಈ ಮಾತಿಗೆ ಆಧಾರವಿಲ್ಲ.

ಗ್ರಾಮ ಪಂಚಾಯಿತಿಯ ಗೋಡೆಗೆ ಹೊಡೆದಿರುವ ದೂರು ಪೆಟ್ಟಿಗೆಯ ವಿಷಯ ಒಂದು ಮಾತು. ನಮ್ಮಲ್ಲಿ ಅದರ ಬೀಗ ತುಕ್ಕು ಹಿಡಿದು, ಒಳಗೆ ಕಣಜ ಗೂಡು ಕಟ್ಟಿದೆ. ಅದನ್ನು ತೆರೆಯುವ ಕೀಲಿ ಯಾರ ಬಳಿ ಇದೆಯೆಂದು ಕೇಳಿದರೆ ಮೂವರು ಮೂರು ಹೆಸರು ಹೇಳುತ್ತಾರೆ. ಆ ಪೆಟ್ಟಿಗೆಯನ್ನು ಶಾಲೆ, ಡೇರಿ, ಆಸ್ಪತ್ರೆಗಳಂತಹ, ಹೆಂಗಸರು ಹೇಗೂ ಹೋಗಿಬರುವ ಜಾಗದಲ್ಲಿ ಇಟ್ಟು, ಕೀಲಿಯನ್ನು ಸ್ಥಳೀಯ ಠಾಣೆಗೆ ಕೊಡದೆ ಉಪವಿಭಾಗದ ಡಿವೈಎಸ್‌ಪಿಯವರೇ ತಿಂಗಳಿಗೊಮ್ಮೆ ತೆರೆಯುವಂತಾದರೆ, ಮೂಗರ್ಜಿಯೂ ಒಂದು ಉಪಯೋಗಕ್ಕೆ ಬರುತ್ತದೆ. ನಮ್ಮ ಡೇರಿಯ ಗೋಡೆಯಲ್ಲಿ ಅದಕ್ಕೆ ಜಾಗ ಕೊಡಲು ಸಂಘದ ಆಡಳಿತ ಮಂಡಳಿಯನ್ನು ಒಪ್ಪಿಸುವ ಹೊಣೆ ನನ್ನದು.

ಈ ಪತ್ರದ ಕೆಳಗೆ ನನ್ನ ಹೆಸರಿಲ್ಲ. ಆದ್ದರಿಂದ ಇದೂ ಒಂದು ಮೂಗರ್ಜಿಯೇ, ತಮ್ಮ ಕಚೇರಿಯ ರೂಢಿಯಂತೆ ಕಡತಕ್ಕೆ ಸೇರದೆಯೂ ಹೋಗಬಹುದು. ಉತ್ತರಕ್ಕಾಗಿ ನಾನು ವಿಳಾಸವನ್ನೂ ಕೊಟ್ಟಿಲ್ಲ. 112ರ ವಾಹನಗಳಿಗೆ ಮೇಲೆ ಕೇಳಿದ ಆದೇಶ ಹೊರಟರೆ ಅದರ ಪ್ರತಿ ನಮಗೆ ಬರಬೇಕಾಗಿಲ್ಲ. ಮುಂದಿನ ಸಲ ಬಂದ ಗಾಡಿ ಯಾರ ಮನೆಯ ಮುಂದೆಯೂ ನಿಲ್ಲದೆ, ಯಾರಿಗೂ ಫೋನ್ ಮಾಡದೆ ನೇರವಾಗಿ ಅಂಗಡಿಗೆ ಹೋದರೆ, ನಾವು ಕಿಟಕಿಯ ಸಂದಿಯಿಂದಲೇ ತಿಳಿದುಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಹಳ್ಳಿಯೊಂದರ ಹಾಲಿನ ಡೇರಿಯ ಕಾರ್ಯದರ್ಶಿ